ಮನೆಯ ಹಿತ್ತಲು: ಕಂಪುಳ್ಳ ಗುಲಾಬಿ

ಮೂಡಲಗಿಯ ಸೋದರಿಯೊಬ್ಬರು ಬರೆದ ಓಲೆಯು ಈ ತಿಂಗಳ ಬರಹಕ್ಕೆ ಕಾರಣವಾಗಿದೆ. ಅವರ ಅತ್ತೆಯವರಿಗೆ ಎರಡು ವರ್ಷಗಳಿಂದ ಕಣ್ಣು ಕಾಣುವದಿಲ್ಲ. ಮೊದಲು ಹಿತ್ತಲನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ದಿನಾಲು ನಸುಕಿನಲ್ಲಿ ದೇವರಿಗೆ ಹೂ ಬಿಡಿಸುವದು ಅವರ ನೇಮವಾಗಿತ್ತು. ಈಗಲೂ ಅವರು ಮಲ್ಲಿಗೆಯ ಬಳ್ಳಿಯನ್ನು ವಾಸನೆಯ ಮೇಲಿಂದ ಗುರುತಿಸಿ, ಕೈಯಾಡಿಸಿ ಮೊಗ್ಗು ಬಿಡಿಸುವರಂತೆ. ಅವರ ಸಲುವಾಗಿ ಸೊಸೆಯು ಸಂತೆಯಿಂದ ಕೆಂಪು ಹೂವಿನ ಎರಡು ಕಸಿ ಗುಲಾಬಿಗಳನ್ನು ತಂದು ನಟ್ಟರು. ಹೂಗಳೇನೋ ಬಟ್ಟಲಿನಷ್ಟು ದೊಡ್ಡವು ಬಂದವು. ಅತ್ತೆಯವರು ಅವನ್ನು ಮೂಗಿಗೆ ಹಿಡಿದು, "ಇದು ಕಾಗದದ ಹೂವೇನವಾ?" ಎಂದು ಕೇಳಿದರಂತೆ. ಮರುವರ್ಷ ಒಂದು ಗಿಡವು ಎಲೆ ಹಳದಿಯಾಗಿ ಒಣಗಿತು. ಇನ್ನೊಂದು ಕೆಂಪು ಹೂ ಬಿಡುವದನ್ನು ನಿಲ್ಲಿಸಿ ಸಣ್ಣ ಸಣ್ಣ ಬಿಳಿಯ ಹೂಗಳ ಗೊಂಚಲನ್ನು ಬಿಡಹತ್ತಿತು. ಗುಲಾಬಿಗೆ ವಾಸನೆಯೇ ಇಲ್ಲದ ಕಾಲ ಬಂತೋ, ಅಥವಾ ಇದು ನಮ್ಮ ನೆಲದ ದೋಷವೋ ಎಂಬುದು ಅವರ ಪ್ರಶ್ನೆ.

ಈ ಓಲೆಯಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಸಿಕ್ಕಿಕೊಂಡಿವೆ. ಹೂವಿಗೆ ಕಂಪಿಲ್ಲದ್ದು ತಳಿಯ ಗುಣ. ಎಲೆ ಹಳದಿಯಾದದ್ದು ಬಹುತರವಾಗಿ ಎರೆಮಣ್ಣಿನ ಗುಣ. ಬಿಳಿಯ ಗೊಂಚಲು ಬಂದದ್ದು ಕಸಿಯ ಕೆಳಗಿರುವ ಬೇರಿನ ಗುಣ. ಮೂರಕ್ಕೂ ಉಪಾಯವುಂಟು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ಕಂಪುಳ್ಳ ಗುಲಾಬಿ ಬಾಳದೆಂದು ಎದೆಗೆಡುವ ಕಾರಣವಿಲ್ಲ.

ಅದರಲ್ಲಿಯೂ ಹುಕ್ಕೇರಿಯ ನೆರೆಯಲ್ಲಿದ್ದವರು ಹಾಗೆ ಅನ್ನಲೇಬಾರದು. ಆ ಊರ ಹೆಸರು "ಹೂವಿನ ಕೇರಿ" ಎಂಬುದರಿಂದ ಸವೆದು ಬಂದದ್ದೆಂದು ಅಲ್ಲಿಯ ಜನರು ಹೇಳುತ್ತ ಬಂದಿದ್ದಾರೆ. ಆದಿಲಶಾಹಿಯ ಕಾಲದಲ್ಲಿ ಇಲ್ಲಿಯ ಗುಲಾಬಿಯು ವಿಜಾಪುರಕ್ಕೆ ಹೋಗುತ್ತಿತ್ತೆಂಬ ಐತಿಹ್ಯವೂ ಉಂಟು. ಆ ಕಾಲದ ಗುಮ್ಮಟಗಳು ಊರಲ್ಲಿ ಇಂದಿಗೂ ನಿಂತಿವೆ. ಹೂದೋಟಗಳದು ಮಾತು ಮಾತ್ರ ಉಳಿದಿದೆ. ಆದರೆ 1686 ರಲ್ಲಿ ವಿಜಾಪುರವು ಔರಂಗಜೇಬನ ವಶವಾಗುವದಕ್ಕೆ ಮೊದಲು ಇಲ್ಲಿ ಅರಳಿದ ಗುಲಾಬಿಯೂ ಇಂದು ನಾವು ಕಸಿಯ ಗಿಡದಲ್ಲಿ ಕಾಣುವ ನೀಳ ಮೊಗ್ಗಿನ ಗುಲಾಬಿಯೂ ಒಂದೇ ಅಲ್ಲ. ಈ ಎರಡನೆಯದಕ್ಕೆ ಹೈಬ್ರಿಡ್ ಟೀ ಎಂದು ಹೆಸರು. ಅದು ಹುಟ್ಟಿ ಇನ್ನೂ ಎರಡು ಶತಮಾನಗಳಾಗಿಲ್ಲ.

ಯುರೋಪಿನ ಹಳೆಯ ಗುಲಾಬಿಗಳು ಕಂಪಿನಲ್ಲಿ ಮೇಲಾದವು. ಆದರೆ ಅವುಗಳಲ್ಲಿ ಹೆಚ್ಚಿನವು ವರ್ಷಕ್ಕೊಮ್ಮೆ ಮಾತ್ರ ಅರಳುವಂಥವು. ಚೀನ ದೇಶದವು ಮೇಲಿಂದ ಮೇಲೆ ಅರಳುವಂಥವು. ಹದಿನೆಂಟನೆಯ ಶತಮಾನದ ಕೊನೆಯಿಂದ ಚೀನದ ಗಿಡಗಳು ಹಡಗುಗಳಲ್ಲಿ ಯುರೋಪಿಗೆ ಹೋದವು. ಅವುಗಳಲ್ಲಿ ಕೆಲವಕ್ಕೆ ಚಹದ ಪೆಟ್ಟಿಗೆಯನ್ನು ಆಗಲೇ ತೆರೆದಾಗ ಬರುವಂಥ ವಾಸನೆಯುಂಟೆಂದು "ಟೀ ಗುಲಾಬಿ" ಎಂದು ಕರೆದರು. (ಚಹದ ಗಿಡಕ್ಕೂ ಇದಕ್ಕೂ ಬೇರೆ ಯಾವ ನಂಟೂ ಇಲ್ಲ. ಸಕ್ಕರೆ, ಹಾಲು ಕೂಡಿದ ಚಹದ ಚರಟವನ್ನು ಗುಲಾಬಿಯ ಬುಡಕ್ಕೆ ಸುರಿಯುವವರು ಇರುವೆಗಳನ್ನು ಸಾಕುವರೇ ಹೊರತು ಗಿಡವನ್ನಲ್ಲ.) ಈ ಎರಡು ಕುಲಗಳ ಸಂಕರದಿಂದ 1867 ರಲ್ಲಿ ಫ್ರಾನ್ಸ ದೇಶದ ಲಿಯೋನ್ ಪಟ್ಟಣದಲ್ಲಿ ಗಿಯೋ ಎಂಬ ತೋಟಗಾರನು ಹೊರತಂದ 'ಲಾ ಫ್ರಾನ್ಸ್' ಎಂಬ ಗುಲಾಬಿಯನ್ನು ಹೈಬ್ರಿಡ್ ಟೀಗಳಲ್ಲಿ ಮೊದಲನೆಯದೆಂದು ಎಣಿಸುವ ರೂಢಿಯಿದೆ. ಅದು ನಸುಗೆಂಪಿನ, ತುಂಬ ಕಂಪುಳ್ಳ ಹೂವು.

ಅಂದ ಮೇಲೆ ಈ ಕುಲವು ಹುಟ್ಟಿದ್ದೇ ಕಂಪಿನೊಡನೆ. ಅದು ಕಳೆದದ್ದು ಎಲ್ಲಿ? ಪೇಟೆಯಲ್ಲಿ ಎನ್ನಬೇಕು. ದೂರದ ಊರಿಗೆ ಕಳಿಸಬೇಕಾದ ಹೂವಿಗೆ ಉದ್ದನೆಯ ತೊಟ್ಟು ಬೇಕು, ದಪ್ಪನೆಯ ಪಕಳೆ ಬೇಕು, ಹೂದಾನಿಯಲ್ಲಿ ಹತ್ತು ದಿನ ಬಾಳಬೇಕು. ಬೆಂಗಳೂರು, ಹೊಸೂರು, ಪುಣೆಯ ಹತ್ತಿರದ ತಳೆಗಾವ ಮೊದಲಾದ ಕಡೆಗಳಲ್ಲಿ ಪ್ಲಾಸ್ಟಿಕಿನ ಮನೆಗಳಲ್ಲಿ ಬೆಳೆಯುವ ಗುಲಾಬಿಗಳನ್ನು ಆರಿಸಿದ್ದು ಈ ಗುಣಗಳನ್ನು ನೋಡಿ. ಮೂಗಿಗೆ ಅಲ್ಲಿ ಮತವಿಲ್ಲ. ಕಂಪು ಹೋಗುವದು ಹೇಗೆಂಬುದೂ ಈಗ ಬಹುಮಟ್ಟಿಗೆ ತಿಳಿದಿದೆ. ಕಡುಕೆಂಪಿನ 'ಪಾಪಾ ಮೇಯಾಂ' ಎಂಬುದು ಬಲು ಕಂಪುಳ್ಳ ಗುಲಾಬಿ. 'ರೂಜ್ ಮೇಯಾಂ' ಎಂಬುದು ಹೆಚ್ಚುಕಡಮೆ ಕಂಪೇ ಇಲ್ಲದ್ದು. ಫ್ರಾನ್ಸಿನ ವಿಜ್ಞಾನಿಗಳು ಈ ಎರಡರ ಪಕಳೆಗಳನ್ನು ಹೋಲಿಸಿ ನೋಡಿ, ಗುಲಾಬಿಯ ಕಂಪಿನ ಮುಖ್ಯ ದ್ರವ್ಯಗಳಲ್ಲೊಂದಾದ ಜಿರೇನಿಯಾಲನ್ನು ಸಿದ್ಧಪಡಿಸುವ ಕೆಲಸದಲ್ಲಿ ಒಂದು ವಿಶೇಷ ಕಿಣ್ವವು ತೊಡಗಿರುವದೆಂದು 2015 ರಲ್ಲಿ ಪ್ರಕಟಿಸಿದರು. ಕಂಪಿಲ್ಲದ ಹೂವಿನಲ್ಲಿ ಆ ಕಿಣ್ವದ ಕೆಲಸವು ನಡೆಯುವದೇ ಇಲ್ಲ. ಇದರ ಮೇಲಿಂದ ಗೃಹಿಣಿಯು ತಿಳಿಯಬೇಕಾದದ್ದಿಷ್ಟು: ಕಂಪಿಲ್ಲದ ತಳಿಗೆ ಎಷ್ಟು ಗೊಬ್ಬರ ಹಾಕಿದರೂ, ಎಷ್ಟು ಆರೈಕೆ ಮಾಡಿದರೂ ಕಂಪು ಬರುವದಿಲ್ಲ. ಅದನ್ನು ಕೊಳ್ಳುವಾಗಲೇ ಆರಿಸಿಕೊಳ್ಳಬೇಕು.

ಆರಿಸುವದು ಹೆಸರಿನಿಂದ. "ಕೆಂಪು ಗುಲಾಬಿ ಕೊಡಿರಿ" ಎಂದರೆ ಕೈಗಾಡಿಯವನು ಕೆಂಪನ್ನು ಕೊಡುವನು, ಅವನದು ತಪ್ಪಲ್ಲ. 'ಮಿಸ್ಟರ್ ಲಿಂಕನ್' ಎಂದು ಕೇಳಬೇಕು. ಅಮೇರಿಕದಲ್ಲಿ 1964 ರಲ್ಲಿ ಹೊರಬಂದ ಈ ಕಡುಕೆಂಪು ಗುಲಾಬಿಯು ನಮ್ಮ ಬಿಸಿಲನ್ನು ತಡೆದುಕೊಳ್ಳುವದು; ಗಿಡವು ಆಳೆತ್ತರಕ್ಕೆ ಹೋಗುವದು; ಒಂದೇ ಹೂವು ಕೋಣೆಯನ್ನು ತುಂಬುವದು. ಮೇಲೆ ಹೇಳಿದ 'ಪಾಪಾ ಮೇಯಾಂ' ಇದರ ಒಡಹುಟ್ಟು. ತಂದೆತಾಯಿ ಗಿಡಗಳು ಎರಡಕ್ಕೂ ಅವೇ. ಒಂದನ್ನು ಬೆಳೆಸಿದ್ದು ಅಮೇರಿಕದಲ್ಲಿ, ಇನ್ನೊಂದನ್ನು ಫ್ರಾನ್ಸಿನಲ್ಲಿ. ಕಂಪಿನಲ್ಲಿ ತಮ್ಮನೇನೂ ಅಣ್ಣನಿಗೆ ಸೋಲುವವನಲ್ಲ. ಆದರೆ ಬೂದಿರೋಗಕ್ಕೆ ಬೇಗ ತುತ್ತಾಗುವನಾದ್ದರಿಂದ ಹೊಸಬರಿಗೆ ಅದನ್ನು ನಾನು ಹೇಳುವದಿಲ್ಲ. ಕೆನೆಯ ಬಣ್ಣಕ್ಕೆ ಕೆಂಪಂಚಿನ 'ಡಬಲ್ ಡಿಲೈಟ್' (1977), ಹವಳದ ಬಣ್ಣದ 'ಫ್ರೇಗ್ರಂಟ್ ಕ್ಲೌಡ್' (1963) ಇವೂ ಕಂಪಿಗೆ ಹೆಸರಾದವು. 1935 ರಲ್ಲಿ ಜರ್ಮನಿಯ ಕೋರ್ಡೆಸ್ ಎಂಬವರು ಹೊರತಂದ 'ಕ್ರಿಮ್ಸನ್ ಗ್ಲೋರಿ' ಎಲ್ಲಿಯಾದರೂ ದೊರೆತರೆ ಬಿಡಬಾರದು. ತೊಟ್ಟು ಮೆತ್ತಗಾಗಿ ಹೂವು ತಲೆ ಬಾಗಿಸುವದೆಂಬುದೊಂದೇ ಅದರ ಕುಂದು. ತಲೆ ಬಾಗಿದ ಹೂವನ್ನು ಮೂಸಲು ಅಡ್ಡಿಯೇನಿಲ್ಲ.

ಹೆಸರಿನ ಚೀಟಿಯನ್ನು ಪೂರ್ಣ ನಂಬುವದೂ ಸರಿಯಲ್ಲ. ಡಿಸೆಂಬರ, ಜಾನೇವಾರಿಗಳಲ್ಲಿ ಗಿಡಗಳು ಹೂ ಹೊತ್ತಿರುವಾಗ ನರ್ಸರಿಗೆ ಹೋಗಿ, ಅರ್ಧ ಅರಳಿದ ಹೂವನ್ನು ಮೂಸಿ ನೋಡಿ ಕೊಳ್ಳುವದು ಎಲ್ಲಕ್ಕಿಂತ ಭದ್ರ. ಹೋಗುವ ಹೊತ್ತು ಮುಂಜಾನೆ ಎಂಟು ಒಂಬತ್ತು ಗಂಟೆಯಿರಲಿ. ಚಳಿಯ ನಸುಕಿನಲ್ಲಿ ಕಂಪು ಇನ್ನೂ ಎದ್ದಿರುವದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಹಾರಿಹೋಗಿರುತ್ತದೆ.

ಇನ್ನು ನೆಲದ ಮಾತು. ನಮ್ಮ ಸೀಮೆಯಲ್ಲಿ ಗುಲಾಬಿಗಳು ಹೆಚ್ಚಾಗಿ ಸಾಯುವದು ಇಲ್ಲಿಯೇ. ಆದ್ದರಿಂದ ತುಸು ವಿಸ್ತಾರವಾಗಿ ಹೇಳುವೆನು. ಗುಲಾಬಿಗೆ ಬೇಕಾದದ್ದು ನೀರು ಬಸಿದುಹೋಗುವ, ಸ್ವಲ್ಪ ಹುಳಿಗುಣದ ಮಣ್ಣು. ಮೂಡಲಗಿ ಮತ್ತು ಗೋಕಾಕದ ಬಯಲುಭಾಗದಲ್ಲಿರುವದು ಎರೆಮಣ್ಣು; ಹಸಿಯಾದಾಗ ಉಬ್ಬಿ ಅಂಟಾಗುವದು, ಒಣಗಿದಾಗ ಬಿರಿದು ಬೇರನ್ನು ಹರಿಯುವದು. ಅದರಲ್ಲಿ ಸುಣ್ಣದ ಹರಳುಗಳೂ ಇರುವವು. ಘಟಪ್ರಭೆಯ ಕಾಲುವೆಗಳು ಬಂದಂದಿನಿಂದ ಈ ನಾಡು ಕಬ್ಬಿನ ಹಸುರಿನಿಂದ ತುಂಬಿದೆ, ನಿಜ. ಆದರೆ ತಗ್ಗಿನ ನೆಲಗಳಲ್ಲಿ ನೀರು ನಿಂತು ಸವಳು-ಜವಳು ಬಿದ್ದದ್ದೂ ನಿಜವೇ. ಹುಕ್ಕೇರಿಯ ಪಡುವಣ ಭಾಗದ ಕೆಂಪು ಮಣ್ಣಿನವರೂ, ಗೋಕಾಕದ ಫಾಲ್ಸಿನ ಕಡೆಯ ಕಲ್ಲುನೆಲದವರೂ ಈ ವಿಷಯದಲ್ಲಿ ಪುಣ್ಯವಂತರು. ಅವರಿಗೆ ಗೊಬ್ಬರದ್ದೊಂದೇ ಚಿಂತೆ.

ನಿಮ್ಮ ಮಣ್ಣಿನಲ್ಲಿ ಸುಣ್ಣವಿದೆಯೋ ಎಂಬುದನ್ನು ಮನೆಯಲ್ಲಿಯೇ ನೋಡಬಹುದು. ಒಣಮಣ್ಣಿನ ಹೆಂಟೆಯ ಮೇಲೆ ಒಂದು ಚಮಚೆ ವಿನೆಗರನ್ನು ಹನಿಸಿರಿ. ಬುರುಬುರು ನೊರೆಯೆದ್ದರೆ ಸುಣ್ಣವುಂಟು. ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಬೇರಿಗೆ ದಕ್ಕುವದಿಲ್ಲ. ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿಯುವವು. ಒಣಗಿದ ಗಿಡದ ಎಲೆಗಳನ್ನು ಆ ಸೋದರಿಯು ಬಣ್ಣಿಸಿದ ರೀತಿಯೂ ಹೀಗೆಯೇ ಇದೆ. ಇದಕ್ಕೆ ತಾತ್ಕಾಲಿಕ ಔಷಧವು ಅನ್ನಭೇದಿ. ಗೊಬ್ಬರದ ಅಂಗಡಿಯಲ್ಲಿ ಫೆರಸ್ ಸಲ್ಫೇಟ್ ಎಂದು ಕೇಳಿದರೆ ಕೊಡುವರು. ಒಂದು ಲೀಟರ ನೀರಿಗೆ 5 ಗ್ರಾಂ ಹಾಕಿ, ಚಮಚೆಯಷ್ಟು ಲಿಂಬೆಯ ರಸ ಹಿಂಡಿ, ಸಂಜೆಯಲ್ಲಿ ಎಲೆಗಳಿಗೆ ಸಿಂಪಡಿಸಬೇಕು. ಹತ್ತು ದಿನಕ್ಕೊಮ್ಮೆ, ಎರಡು ಮೂರು ಸಲ. ಸೀರೆಗೆ ತಾಗಗೊಡಬೇಡಿರಿ, ಆ ಕಲೆ ಹೋಗುವದು ಕಷ್ಟ.

ಶಾಶ್ವತವಾದ ಉಪಾಯವೆಂದರೆ ಕಟ್ಟೆ. ನೆಲದಲ್ಲಿ ಎರಡು ಫೂಟು ಉದ್ದ, ಅಗಲ, ಆಳದ ಗುಂಡಿ ತೋಡಿ, ಸಂಜೆ ನೀರು ತುಂಬಿ ಬಿಡಿರಿ. ಬೆಳಗಾಗುವದರೊಳಗೆ ನೀರು ಇಂಗದಿದ್ದರೆ ಆ ಸ್ಥಳದಲ್ಲಿ ನೆಲಕ್ಕೆ ಗುಲಾಬಿಯನ್ನು ನಡಲೇಬಾರದು. ಗುಂಡಿಯ ತಳಕ್ಕೆ ಅರ್ಧ ಫೂಟು ಇಟ್ಟಿಗೆಯ ಚೂರುಗಳನ್ನು ಹಾಕಿ, ಸುತ್ತಲೂ ಒಂದೂವರೆ ಫೂಟು ಎತ್ತರದ ಕಲ್ಲುಕಟ್ಟೆಯನ್ನು ಕಟ್ಟಿ, ಎರೆಮಣ್ಣು ಒಂದು ಪಾಲು, ಗರಸು ಅಥವಾ ಕೆಂಪು ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು ಬೆರೆಸಿ ತುಂಬಬೇಕು. ಎರಡು ಹಿಡಿ ಬೇವಿನ ಹಿಂಡಿ ಕೂಡಿದರೆ ಗೆದ್ದಲಿನ ಕಾಟ ಕಡಮೆಯಾಗುವದು. ಹಳೆಯ ಪುಸ್ತಕಗಳಲ್ಲಿ ಎಲುಬಿನ ಹಿಟ್ಟನ್ನು ಹೇಳಿರುವರು. ಅದನ್ನು ಮುಟ್ಟಲೊಲ್ಲದ ಮನೆಯವರು ಮರುಗಬೇಕಾಗಿಲ್ಲ. ಸುಣ್ಣದ ನೆಲದಲ್ಲಿ ಅದು ಕರಗಿ ಗಿಡಕ್ಕೆ ಸೇರುವದೇ ಅಪರೂಪ. ಕಟ್ಟೆಯಿಂದ ಆ ಮನೆಯಲ್ಲಿ ಇನ್ನೊಂದು ಅನುಕೂಲವೂ ಆಗುವದು. ಹೂವು ಎದೆಯ ಮಟ್ಟಕ್ಕೆ ಬರುವದರಿಂದ ಕಣ್ಣಿಲ್ಲದವರು ಬಾಗದೆ, ತಡವರಿಸದೆ ಅದರ ಹತ್ತಿರಕ್ಕೆ ಹೋಗಬಹುದು. ಓಡಾಡುವ ದಾರಿಯ ಕಡೆಗೆ ಚಾಚಿದ ಟೊಂಗೆಗಳ ಮುಳ್ಳುಗಳನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿ ಮುರಿದು ತೆಗೆದರೆ ಗಿಡಕ್ಕೆ ಹೇಳಿಕೊಳ್ಳುವಂಥ ಕೇಡಿಲ್ಲ.

ಸ್ಥಳವು ಮುಂಜಾನೆಯ ಬಿಸಿಲು ಐದಾರು ತಾಸು ಬೀಳುವಂಥದೂ ಮೂರು ಗಂಟೆಯ ನಂತರ ಗೋಡೆಯ ನೆರಳು ಬರುವಂಥದೂ ಆಗಿರಲಿ. ನೀರು ಕಾಲುವೆಯದಾದರೆ ಒಳ್ಳೆಯದು; ಬೋರಿನ ನೀರು ಸವಳಾಗಿದ್ದರೆ ಮಳೆಯ ನೀರನ್ನು ಹಿಡಿದಿಟ್ಟು ಆಗಾಗ್ಗೆ ಹನಿಸಬೇಕು. ಯಾವ ನೀರಾದರೂ ಬುಡಕ್ಕೆ, ಬೆಳಿಗ್ಗೆ. ಎಲೆಯ ಮೇಲೆ ಅಲ್ಲ.

ಈಗ ಆ ಬಿಳಿಯ ಗೊಂಚಲಿನ ವಿಚಾರ. ಗುಲಾಬಿಯ ಕಸಿಯೆಂದರೆ ಕಾಡುಜಾತಿಯ ಬೇರಿನ ಮೇಲೆ ನಾಡಜಾತಿಯ ಒಂದು ಕಣ್ಣನ್ನು ಕೂಡಿಸುವದು. ದಕ್ಷಿಣದಲ್ಲಿ ಈ ಬೇರಿಗೆ ಮಲ್ಟಿಫ್ಲೋರಾ ಎಂಬ ಜಾತಿಯನ್ನು ವಿಶೇಷವಾಗಿ ಬಳಸುತ್ತಾರೆ. ಅದರ ಹೂವು ಸಣ್ಣದು, ಬಿಳಿಯದು, ಗೊಂಚಲಾಗಿ ಬರುವಂಥದು. ಕಣ್ಣು ಕೂಡಿದ ಗಂಟಿನ ಕೆಳಗಿಂದ ಮೊಳೆಯೊಡೆದರೆ ಅದು ಕಾಡಿನದೇ. ಅದರ ಒಂದೊಂದು ಎಲೆಯಲ್ಲಿ ಏಳು, ಒಂಬತ್ತು ಎಸಳುಗಳಿರುವವು. ಮೇಲಿನದರಲ್ಲಿ ಸಾಮಾನ್ಯವಾಗಿ ಐದು. ಎಸಳುಗಳ ಲೆಕ್ಕವು ಒಮ್ಮೊಮ್ಮೆ ತಪ್ಪುವದುಂಟು. ಗಂಟಿನ ಮೇಲೋ ಕೆಳಗೋ ಎಂಬುದು ತಪ್ಪುವದಿಲ್ಲ. ಆದ್ದರಿಂದ ನಡುವಾಗ ಗಂಟು ಮಣ್ಣಿನಿಂದ ಎರಡು ಮೂರು ಬೆರಳು ಮೇಲಿರಬೇಕು. ಕಾಡುಮೊಳೆಯನ್ನು ಕತ್ತರಿಯಿಂದ ಕತ್ತರಿಸಿದರೆ ಒಂದಿದ್ದದ್ದು ನಾಲ್ಕಾಗುವದು. ಮಣ್ಣು ಸರಿಸಿ ಹುಟ್ಟಿದಲ್ಲಿಂದಲೇ ಕಿತ್ತು ತೆಗೆಯಬೇಕು.

ಆದರೆ ಮೇಲಿನ ಗುಲಾಬಿ ಸತ್ತು ಕಾಡಿನದೊಂದೇ ಉಳಿದಿದ್ದರೆ ಅದನ್ನು ಕಿತ್ತೊಗೆಯಬೇಡಿರಿ. ಗಟ್ಟಿಯಾದ ಬೇರು ಸಿದ್ಧವಾಗಿಯೇ ಇದೆ. ಕಂಪುಳ್ಳ ಗುಲಾಬಿಯ ಒಂದು ಕಣ್ಣನ್ನು ಅದರ ಮೇಲೆ ಕೂಡಿಸಿದರಾಯಿತು. ಊರಲ್ಲಿ ಯಾರ ಮನೆಯಲ್ಲಿಯಾದರೂ ವಾಸನೆಯ ಗುಲಾಬಿಯಿದ್ದರೆ ಆ ತಾಯಿಯನ್ನು ಹೂ ಉದುರಿದ ಒಂದು ಟೊಂಗೆ ಕೇಳಿಕೊಳ್ಳಿರಿ. ನಡುಭಾಗದ ಉಬ್ಬಿದ, ಆದರೆ ಒಡೆಯದ ಕಣ್ಣುಗಳು ಕೆಲಸಕ್ಕೆ ಬರುವವು. ನವೆಂಬರದಿಂದ ಫೆಬ್ರುವರಿಯ ವರೆಗೆ ಇದಕ್ಕೆ ತಕ್ಕ ಕಾಲ. ಕಾಡುಗಿಡದಲ್ಲಿ ಸೀಸಕಡ್ಡಿಯಷ್ಟು ದಪ್ಪದ ಒಂದು ಎಳೆಯ ಟೊಂಗೆಯನ್ನಿಟ್ಟುಕೊಂಡು, ನೆಲದಿಂದ ಮೂರು ನಾಲ್ಕು ಬೆರಳು ಮೇಲೆ ಅದರ ತೊಗಟೆಯಲ್ಲಿ ಹರಿತವಾದ ಚಾಕುವಿನಿಂದ ಒಂದು ಅಡ್ಡ ಗೆರೆಯನ್ನೂ ಅದರ ನಡುವಿನಿಂದ ಕೆಳಕ್ಕೆ ಒಂದಂಗುಲ ಉದ್ದದ ಗೆರೆಯನ್ನೂ ಕೊಯ್ಯಬೇಕು. ಕಟ್ಟಿಗೆಗೆ ಗಾಯವಾಗದಂತೆ ತೊಗಟೆಯ ಎರಡು ಅಂಚುಗಳನ್ನು ಬಾಗಿಲಿನಂತೆ ತೆರೆದು, ಕಣ್ಣನ್ನು ಗುರಾಣಿಯ ಆಕಾರದಲ್ಲಿ ತೊಗಟೆಸಹಿತ ಕೆತ್ತಿ ತಂದು ಒಳಗೆ ಸರಿಸಿ, ಕಣ್ಣೊಂದನ್ನು ಹೊರಗೆ ಬಿಟ್ಟು ಮೇಲೂ ಕೆಳಗೂ ಪ್ಲಾಸ್ಟಿಕಿನ ಪಟ್ಟಿಯಿಂದ ಬಿಗಿಯಬೇಕು. ಕೆತ್ತಿದ ಕಣ್ಣು ಗಾಳಿಗೆ ಒಣಗಗೊಡಬಾರದು. ಇಲ್ಲಿ ಕೈಚಳಕಕ್ಕಿಂತ ತ್ವರೆಯೇ ಮುಖ್ಯ. ಮೂರು ವಾರಗಳ ಮೇಲೆ ಕಣ್ಣು ಹಸುರಾಗಿಯೇ ಇದ್ದರೆ ಕೂಡಿತೆಂದು ತಿಳಿಯಬೇಕು. ಅದು ಒಡೆದು ಚಿಗುರತೊಡಗಿದ ಮೇಲೆ ಮೇಲಿನ ಕಾಡುಟೊಂಗೆಯನ್ನು ಕತ್ತರಿಸಿಬಿಡುವದು. ಸೂಜಿದಾರದ ಕೆಲಸ ಬಲ್ಲ ಕೈಗೆ ಇದು ಕಠಿಣವಲ್ಲ. ಐದು ಕಣ್ಣು ಹಚ್ಚಿದರೆ ಎರಡಾದರೂ ಉಳಿಯುವವು.

ಚಾಟಣಿಯನ್ನು ದ್ರಾಕ್ಷಿಯವರು ಬಲ್ಲರು. ಗುಲಾಬಿಗೂ ಅದು ಬೇಕು. ಹಸ್ತಾ ಮಳೆ ಮುಗಿದು ಚಿತ್ತಾ ಮಳೆ ಹೂಡಿದಾಗ, ಅಂದರೆ ಅಕ್ಟೋಬರ ನಡುವಿನ ಸುಮಾರಿಗೆ, ಮೋಡವಿಲ್ಲದ ದಿನವನ್ನು ನೋಡಿ ಮಾಡಬೇಕು. ಒಣಗಿದ, ಬಡಕಲಾದ, ಒಳಮುಖವಾಗಿ ಒಂದಕ್ಕೊಂದು ತಿಕ್ಕುವ ಟೊಂಗೆಗಳನ್ನು ತೆಗೆದು, ನಾಲ್ಕೈದು ಬಲವಾದವುಗಳನ್ನು ಒಂದೂವರೆಯಿಂದ ಎರಡು ಫೂಟಿನ ಎತ್ತರಕ್ಕೆ ನಿಲ್ಲಿಸುವದು. ಹೊರಮುಖದ ಕಣ್ಣಿನ ಮೇಲೆ ಕಾಲಂಗುಲ ಬಿಟ್ಟು ಓರೆಯಾಗಿ ಕತ್ತರಿಸಬೇಕು; ಗಾಯಕ್ಕೆ ಬೋರ್ಡೋ ಮುಲಾಮನ್ನು ಹಚ್ಚದಿದ್ದರೆ ಟೊಂಗೆಯು ತುದಿಯಿಂದ ಕರ್ರಗಾಗಿ ಇಳಿಯುತ್ತ ಬರುವದು. ಶೀತದೇಶದ ಪುಸ್ತಕಗಳನ್ನು ಓದಿ ಗೇಣುದ್ದಕ್ಕೆ ಕತ್ತರಿಸುವವರುಂಟು. ನಮ್ಮ ಬಿಸಿಲಿಗೆ ಅದು ಸಲ್ಲದು. ಚಾಟಣಿಯಾದ ಆರೇಳು ವಾರಕ್ಕೆ ಹೂವು. ಎರಡು ಗಿಡಗಳಿದ್ದರೆ ಒಂದನ್ನು ಹದಿನೈದು ದಿನ ಹಿಂದೆ ಹಾಕಿ ಕತ್ತರಿಸಿದರೆ ಮನೆಯಲ್ಲಿ ಹೂವಿನ ಸಾಲು ತಪ್ಪುವದಿಲ್ಲ. ಕತ್ತರಿಸಿದ ಕೂಡಲೆ ಗಿಡಕ್ಕೊಂದು ಬುಟ್ಟಿ ತಿಪ್ಪೆಗೊಬ್ಬರ. ಚಿಗುರು ಬಂದ ಮೇಲೆ ನೆನೆಯಿಟ್ಟ ಶೇಂಗಾ ಹಿಂಡಿಯ ತಿಳಿಯನ್ನು ಹದಿನೈದು ದಿನಕ್ಕೊಮ್ಮೆ. ಇದಕ್ಕಿಂತ ಹೆಚ್ಚು ಉಣಿಸಿದರೆ ಸೊಪ್ಪು ಬೆಳೆಯುವದು, ಹೇನು ಮುತ್ತುವದು. ಚಳಿಗಾಲದಲ್ಲಿ ಚಿಗುರಿಗೆ ಬೂದಿ ಬಡಿದರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ ಸಿಂಪಡಿಸಬಹುದು. ಮಳೆಗಾಲದಲ್ಲಿ ಕರಿಚುಕ್ಕೆಯ ಎಲೆಗಳನ್ನು ಆರಿಸಿ ಸುಡಬೇಕು. ಔಷಧ ಹೊಡೆದ ಗಿಡದ ಪಕಳೆಯನ್ನು ಗುಲ್ಕಂದಕ್ಕೆ ಬಳಸಕೂಡದು. ಗುಲ್ಕಂದಕ್ಕಾದರೆ ಹೇಗೂ ಜವಾರಿ ಪನ್ನೀರ ಗುಲಾಬಿಯೇ ಮೇಲು.

ಹೂವನ್ನು ಕೊಯ್ಯುವದು ನಸುಕಿನಲ್ಲಿ. ಹಸುರು ಪುಷ್ಪಪತ್ರಗಳು ಕೆಳಗೆ ಬಾಗಿ, ಹೊರಗಿನ ಎರಡು ಪಕಳೆಗಳು ಸಡಿಲಾದ ಹದದಲ್ಲಿ. ಕೊಯ್ದದ್ದನ್ನು ಕೂಡಲೆ ನೀರಿನಲ್ಲಿಟ್ಟರೆ ಹೊತ್ತೇರುತ್ತಲೂ ಕೋಣೆಯ ಬೆಚ್ಚಗಿನ ಗಾಳಿಯಲ್ಲಿ ಕಂಪು ಬಿಚ್ಚುವದು. ಬಾಡಿದ ಹೂವನ್ನು ಗಿಡದಲ್ಲಿ ಬಿಡದೆ, ಅದರ ಕೆಳಗಿನ ಮೊದಲ ಐದೆಸಳಿನ ಎಲೆಯ ಮೇಲೆ ಕತ್ತರಿಸಿದರೆ ಅಲ್ಲಿಂದಲೇ ಹೊಸ ಹೂಗೊನೆ ಹೊರಡುವದು. ಹೊಸದಾಗಿ ನಟ್ಟ ಗಿಡದಲ್ಲಿ ಮಾತ್ರ ಮೊದಲ ಎರಡು ತಿಂಗಳು ಮೊಗ್ಗುಗಳನ್ನು ಚಿವುಟಿ ಹಾಕಬೇಕು. ಮನಸ್ಸು ಒಪ್ಪುವದಿಲ್ಲವೆಂಬುದು ಗೊತ್ತು, ಆದರೂ ಚಿವುಟಬೇಕು.

ಮಾರ್ಚ ಕಳೆದ ಮೇಲೆ ಹೂವು ಚಿಕ್ಕದಾಗುವದು, ಮೊಗ್ಗುಗಳು ನುಸಿಯ ಕಾಟದಿಂದ ಅಂಚು ಕಂದಿ ಅರಳದೆ ಉಳಿಯುವವು. ಅಂಥವನ್ನು ಕಿತ್ತು ಹಾಕಿ, ಲೀಟರ ನೀರಿಗೆ 5 ಮಿಲಿಲೀಟರ ಬೇವಿನೆಣ್ಣೆಯನ್ನು ತುಸು ಸಾಬೂನಿನೊಡನೆ ಕಲಸಿ ಸಂಜೆಯಲ್ಲಿ ಸಿಂಪಡಿಸುವದು. ಬುಡಕ್ಕೆ ನಾಲ್ಕು ಬೆರಳು ದಪ್ಪ ಕಬ್ಬಿನ ರವದಿಯನ್ನು ಹಾಸಬೇಕು. ನಮ್ಮಲ್ಲಿ ಅದಕ್ಕೇನೂ ಬರವಿಲ್ಲ, ಹೊಲದಲ್ಲಿ ಸುಟ್ಟು ಹಾಳುಮಾಡುವದನ್ನು ಒಂದು ಹೊರೆ ತಂದರಾಯಿತು. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ಹಾಸಿರಿ, ಇಲ್ಲದಿದ್ದರೆ ಗೆದ್ದಲು ಏರುವದು. ಏಪ್ರಿಲ, ಮೇ ತಿಂಗಳುಗಳಲ್ಲಿ ಪಡುವಣ ಕಡೆಗೆ ಒಂದು ಹಳೆಯ ಚಾಪೆಯನ್ನೋ ತಟ್ಟನ್ನೋ ಕಟ್ಟಿ, ಗಿಡವನ್ನು ಹೂವಿಗಾಗಿ ಪೀಡಿಸದೆ ಬದುಕಿಸಿಕೊಳ್ಳುವದಷ್ಟೇ ಕೆಲಸ. ಮೃಗಶಿರಾ ಮಳೆ ಬಿದ್ದ ಕೂಡಲೆ ಆ ಮರೆಯನ್ನು ತೆಗೆದು, ಕೊಳೆತ ರವದಿಯನ್ನು ಮಣ್ಣಿನಲ್ಲಿ ಕೂಡಿಸಿ, ತುದಿಗಳನ್ನು ಹಗುರಾಗಿ ಕತ್ತರಿಸಿರಿ. ಆ ವಾರದ ರಾತ್ರಿಗಳಲ್ಲಿ ಕಂದುಬಣ್ಣದ ಜೀರುಂಡೆಗಳು ಎಲೆ ತಿನ್ನಲು ಬರುವವು. ದೀಪ ಹಿಡಿದುಕೊಂಡು ಹೋಗಿ, ಗಿಡವನ್ನು ಅಲುಗಿಸಿ, ಕೆಳಗೆ ಬಿದ್ದವನ್ನು ಸಾಬೂನು ನೀರಿನ ಪಾತ್ರೆಯಲ್ಲಿ ಹಾಕುವ ಕೆಲಸವನ್ನು ಮನೆಯ ಹುಡುಗರಿಗೆ ಒಪ್ಪಿಸಿದರೆ ಅವರು ಸಂತೋಷದಿಂದ ಮಾಡುವರು.